ಹದಿನೈದು ಪೈಸೆ ರಾಯರು

ನಮ್ಮ ರಾಯರು ಬ್ಯಾಂಕಾಕ್ ಟೂರಿಗೆ ಹೊರಟಿದ್ದಾರೆಂಬುದು ಜಯನಗರದ ನಮ್ಮ ಬೀದಿಗೆ ಗೊತ್ತಾದದ್ದು ವಾಟ್ಸಾಪ್‌ನಿಂದ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ದಾಸವಾಳದ ಮೇಲೆ ಶುಭೋದಯ ಬರುತ್ತಿತ್ತು. ಒಂದು ಸೋಮವಾರದಿಂದ ದಾಸವಾಳ ನಿಂತು ಡಾಲರ್ ಬರತೊಡಗಿತು. ‘ಇವತ್ತು ಏಳು ಪೈಸೆ ಇಳಿದಿದೆ. ಅವಸರ ಬೇಡ.’ ಅವಸರ ಯಾರಿಗೂ ಇರಲಿಲ್ಲ. ಡಾಲರ್ ಬೇಕಾಗಿದ್ದದ್ದು ಅವರೊಬ್ಬರಿಗೇ.

ರಾಯರು ಜಿಪುಣರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಮೊಮ್ಮಗನ ನಾಮಕರಣಕ್ಕೆ ಬೀದಿಗೆಲ್ಲ ಹೋಳಿಗೆ ಊಟ ಹಾಕಿಸಿದವರು. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವುದಿಲ್ಲ. ಆಟೋದವನು ಮೀಟರ್ ಮೇಲೆ ಇಪ್ಪತ್ತು ಕೇಳಿದರೆ ಗೊಣಗದೆ ಕೊಡುತ್ತಾರೆ. ಅವರ ಜಗಳವೆಲ್ಲ ಬೋರ್ಡಿನ ಮೇಲೆ ದಶಮಾಂಶ ಬಿಂದು ಇಟ್ಟು ಬರೆದ ಅಂಕಿಯ ಜೊತೆಗೆ ಮಾತ್ರ. ಆ ಬಿಂದು ಕಂಡರೆ ರಾಯರ ಕನ್ನಡಕ ತಾನೇ ಮೂಗಿನ ತುದಿಗೆ ಇಳಿಯುತ್ತದೆ.

ಡಾಲರ್ ವಿಷಯದಲ್ಲಿ ಅವರಿಗೆ ಹಳೆಯ ನೋವೂ ಒಂದಿದೆ. 1966ರ ಜೂನ್ 6ರಂದು ಸರ್ಕಾರ ರೂಪಾಯಿಯ ಬೆಲೆ ಇಳಿಸಿ, 4.76 ಇದ್ದ ಡಾಲರ್ ರಾತ್ರೋರಾತ್ರಿ 7.50 ಆಯಿತಲ್ಲ, ಅದನ್ನು ರಾಯರು ಸ್ವಂತ ಸೈಟು ಕೈತಪ್ಪಿದ ಧಾಟಿಯಲ್ಲಿ ಹೇಳುತ್ತಾರೆ. ‘ನಾಲ್ಕು ಮುಕ್ಕಾಲಿಗೆ ಸಿಗ್ತಿತ್ತು ಸ್ವಾಮಿ, ಹಿಂದಿನ ದಿನ ತಗೊಂಡಿದ್ರೆ!’ ಒಳಗಿನಿಂದ ಅವರ ಮನೆಯವರ ದನಿ ಬರುತ್ತದೆ: ‘ಆಗ ನೀವು ಎರಡನೇ ಕ್ಲಾಸು.’

ಬ್ರಿಗೇಡ್ ರೋಡು, ಎಂ.ಜಿ. ರೋಡು, ರೆಸಿಡೆನ್ಸಿ ರೋಡಿನ ಮನಿ ಚೇಂಜರ್ ಅಂಗಡಿಗಳಿಗೆಲ್ಲ ಈಗ ರಾಯರ ಪರಿಚಯವಿದೆ. ಪಾಸ್‌ಪೋರ್ಟು, ಪ್ಯಾನ್ ಕಾರ್ಡಿನ ಜೆರಾಕ್ಸು ಹಾಕಿದ ಪ್ಲಾಸ್ಟಿಕ್ ಫೈಲು ಕಂಕುಳಲ್ಲಿ. ಕೌಂಟರಿನ ಹುಡುಗನ ಮುಂದೆ ಮೊಬೈಲು ಹಿಡಿಯುತ್ತಾರೆ.

‘ಗೂಗಲ್‌ನಲ್ಲಿ ಇಷ್ಟಿದೆ. ನೀನು ಒಂದೂವರೆ ರೂಪಾಯಿ ಮೇಲೆ ಹೇಳ್ತಿದೀಯಲ್ಲಪ್ಪ?’

‘ಸಾರ್, ಗೂಗಲ್‌ನವರು ಕೊಟ್ರೆ ಅಲ್ಲೇ ತಗೊಂಡ್ಬಿಡಿ.’

ಆ ಹುಡುಗ ಹೇಳಿದ್ದು ಸರಿಯೇ. ಗೂಗಲ್ ತೋರಿಸುವುದು ಬ್ಯಾಂಕುಗಳು ತಮ್ಮತಮ್ಮಲ್ಲಿ ಕೋಟಿಗಟ್ಟಲೆ ಕೊಟ್ಟು ತೆಗೆದುಕೊಳ್ಳುವಾಗಿನ ನಡುವಿನ ಬೆಲೆ. ಅಂಗಡಿಯವನು ನೋಟು ತರಿಸಿ, ತಿಜೋರಿಯಲ್ಲಿಟ್ಟು, ಬಾಡಿಗೆ ಕಟ್ಟಿ, ಈ ರಾಯರಂಥವರಿಗೆ ಉತ್ತರವನ್ನೂ ಹೇಳಬೇಕು. ಕೊಳ್ಳುವ ರೇಟಿಗೂ ಮಾರುವ ರೇಟಿಗೂ ನಡುವೆ ಇರುವ ಅಂತರವೇ ಅವನ ಅನ್ನ. ‘ಕಮಿಷನ್ ಇಲ್ಲ’ ಎಂದು ಬೋರ್ಡು ಹಾಕಿದವನೂ ಅದನ್ನು ರೇಟಿನ ಹೊಟ್ಟೆಯೊಳಗೇ ಇಟ್ಟಿರುತ್ತಾನೆ. ರಾಯರಿಗೆ ಇದೆಲ್ಲ ಗೊತ್ತು. ಒಂದು ಲಕ್ಷದವರೆಗಿನ ವಿನಿಮಯದಲ್ಲಿ ಶೇಕಡಾ ಒಂದನ್ನು ಮಾತ್ರ ಸೇವೆಯ ಬೆಲೆ ಎಂದು ಹಿಡಿದು ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಹಾಕುತ್ತಾರೆ, ಲಕ್ಷಕ್ಕೆ 180 ರೂಪಾಯಿ ಬಿತ್ತು ಎನ್ನುವುದು ಸಹ ಬಾಯಿಪಾಠ. ಆದರೂ ಗೂಗಲ್ ತೋರಿಸದಿದ್ದರೆ ಅವರಿಗೆ ವ್ಯಾಪಾರ ಮಾಡಿದ ಹಾಗೆ ಅನ್ನಿಸುವುದಿಲ್ಲ.

ಮೊದಲ ಅಂಗಡಿಯ ರೇಟನ್ನು ಎರಡನೆಯವನಿಗೆ, ಎರಡನೆಯವನದನ್ನು ಮೂರನೆಯವನಿಗೆ ಹೇಳಿ, ಮತ್ತೆ ಮೊದಲನೆಯವನ ಹತ್ತಿರ ಬಂದು, ಕೊನೆಗೂ ಡಾಲರಿಗೆ ಹದಿನೈದು ಪೈಸೆ ಇಳಿಸಿಯೇಬಿಟ್ಟರು. ಸಾವಿರ ಡಾಲರಿಗೆ ಉಳಿದದ್ದು ನೂರೈವತ್ತು ರೂಪಾಯಿ. ಎರಡು ದಿನದ ಆಟೋ ಮುನ್ನೂರ ಎಂಬತ್ತು. ಅಷ್ಟರಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಡಾಲರ್ ಇಳಿಯಲಿ ಎಂದು ಮೂರು ವಾರ ಕಾದದ್ದರಲ್ಲಿ ವಿಮಾನದ ಟಿಕೆಟ್ಟು ತಲೆಗೆ ನಾಲ್ಕು ಸಾವಿರ ಏರಿಬಿಟ್ಟಿತ್ತು. ಹೆಂಡತಿ ಇದನ್ನು ಎತ್ತಿದಾಗ ರಾಯರು ಶಾಂತವಾಗಿಯೇ ಹೇಳಿದರು: ‘ಅದು ಏರ್‌ಲೈನ್ಸ್‌ನವರ ಲೆಕ್ಕ ಕಣೇ. ಇದಕ್ಕೆ ಸೇರಿಸ್ಬೇಡ.’

ತಂದ ನೋಟುಗಳ ಪರೀಕ್ಷೆ ಊಟದ ಮೇಜಿನ ಮೇಲೆ ನಡೆಯಿತು. ಹತ್ತೂ ನೂರರ ನೋಟು, ಹತ್ತರಲ್ಲೂ ನೀಲಿ ಪಟ್ಟಿ. ರಾಯರ ಈ ಜ್ಞಾನವನ್ನು ಮಾತ್ರ ಮೆಚ್ಚಲೇಬೇಕು. ಬ್ಯಾಂಕಾಕಿನಲ್ಲಿ ನೂರು ಡಾಲರಿನ ನೋಟಿಗೆ ಒಂದು ರೇಟು, ಐದು ಹತ್ತರ ಚಿಲ್ಲರೆಗೆ ಅದಕ್ಕಿಂತ ಕಡಿಮೆ ರೇಟು. ಮಡಿಕೆ, ಹರಕು, ಗೀಚು ಇದ್ದರೆ ಮುಟ್ಟುವುದೂ ಕಷ್ಟ. ಅದಕ್ಕೇ ನೋಟುಗಳನ್ನು ಪಂಚಾಂಗದ ಹಾಳೆಗಳ ನಡುವೆ ಮಲಗಿಸಿ, ಅದರ ಮೇಲೆ ಡಿಕ್ಷನರಿ ಹೇರಿದರು. ಹೊರಡುವ ದಿನ ಪಂಚಾಂಗವನ್ನು ದೇವರ ಮುಂದಿಟ್ಟು ಕೈಮುಗಿದರು.

ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಇಳಿದಾಗ ಹೆಂಡತಿಗೆ ಬಾಯಾರಿಕೆ. ಎದುರಿಗೇ ನೀರಿನ ಬಾಟಲಿ, ಪಕ್ಕದಲ್ಲೇ ಹಣ ಬದಲಿಸುವ ಕೌಂಟರು.

‘ರೀ, ಒಂದು ನೂರು ಇಲ್ಲೇ ಮಾಡಿಸಿ.’

‘ಇಲ್ಲಿ ಲೂಟಿ. ಕೆಳಗಡೆ ನೆಲಮಾಳಿಗೆ, ರೈಲು ಹತ್ತೋ ಜಾಗ. ಅಲ್ಲಿ ಊರೊಳಗಿನ ರೇಟೇ ಕೊಡ್ತಾರೆ.’

ಇದೂ ನಿಜ. ನಿಜವಾದದ್ದೇ ತೊಂದರೆ. ರಾಯರು ಸುಳ್ಳು ಹೇಳುತ್ತಿದ್ದರೆ ಆ ತಾಯಿ ಎಂದೋ ಗೆದ್ದಿರುತ್ತಿದ್ದರು. ಎರಡು ಸೂಟ್‌ಕೇಸು, ಚಟ್ನಿಪುಡಿ ಅವಲಕ್ಕಿಯ ಒಂದು ಬ್ಯಾಗು ತಳ್ಳಿಕೊಂಡು ಇಬ್ಬರೂ ಪಾತಾಳಕ್ಕೆ ಇಳಿದರು. ಅಲ್ಲಿಯೂ ಬದಲಿಸಿದ್ದು ಒಂದೇ ನೋಟು. ಉಳಿದದ್ದಕ್ಕೆ ಊರೊಳಗಿನ ದೊಡ್ಡ ಅಂಗಡಿ ನೋಡಬೇಕಲ್ಲ.

ಮರುದಿನ ಟೂರಿನವರೆಲ್ಲ ಅರಮನೆ, ಪಚ್ಚೆ ಬುದ್ಧನನ್ನು ನೋಡಲು ಹೋದರು. ರಾಯ ದಂಪತಿಗಳು ರಾಚದಮ್ರಿ ರಸ್ತೆಗೆ ಹೋದರು. ಅಲ್ಲಿ ಸೂಪರ್‌ರಿಚ್ ಎಂಬ ಹೆಸರಿನದೇ ಹಣ ಬದಲಿಸುವ ಎರಡು ಬೇರೆಬೇರೆ ಕಂಪನಿಗಳಿವೆ, ಒಂದು ಹಸಿರು, ಒಂದು ಕಿತ್ತಳೆ. ರಾಯರ ಪಾಲಿಗೆ ಕಾಶಿ ರಾಮೇಶ್ವರ ಎರಡೂ ಒಂದೇ ಗಲ್ಲಿಯ ಆಸುಪಾಸಿನಲ್ಲಿ ಸಿಕ್ಕಿದವು. ಬಿಸಿಲಿನಲ್ಲಿ ಹಸಿರಿನಿಂದ ಕಿತ್ತಳೆಗೆ, ಕಿತ್ತಳೆಯಿಂದ ಹಸಿರಿಗೆ ಓಡಾಡಿ, ಎರಡು ಸತಾಂಗ್ ಹೆಚ್ಚು ಕೊಡುವ ಕಡೆ ಸಾಲಿನಲ್ಲಿ ನಿಂತರು. ನೂರು ಸತಾಂಗ್ ಸೇರಿದರೆ ಒಂದು ಬಾತ್, ಬಾತ್ ಒಂದಕ್ಕೆ ನಮ್ಮ ಎರಡೂವರೆ ಮೂರು ರೂಪಾಯಿ. ಉಳಿತಾಯದ ಲೆಕ್ಕವನ್ನು ಓದುಗರಿಗೇ ಬಿಡುತ್ತೇನೆ.

ಕೌಂಟರಿನ ಹುಡುಗಿ ಪಾಸ್‌ಪೋರ್ಟು ಪಡೆದು, ನೋಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ಏಳನೆಯದಕ್ಕೆ ನಿಂತಳು. ನಗುತ್ತಲೇ ಅದನ್ನು ಗಾಜಿನ ಕೆಳಗಿನಿಂದ ವಾಪಸು ಸರಿಸಿದಳು. ರಾಯರು ಕನ್ನಡಕ ಇಳಿಸಿ ನೋಡಿದರು. ಬೆಂಜಮಿನ್ ಫ್ರಾಂಕ್ಲಿನ್ನನ ಹಣೆಯ ಮಧ್ಯಕ್ಕೆ ಅಚ್ಚುಕಟ್ಟಾಗಿ ಒಂದು ಕುಂಕುಮದ ಬೊಟ್ಟು.

‘ದೂರದ ಪ್ರಯಾಣ, ಅದಕ್ಕೇ ಒಂದಕ್ಕೆ ಇಟ್ಟೆ’ ಎಂದರು ಹೆಂಡತಿ. ರಾಯರು ಒರೆಸಲು ನೋಡಿದರು. ಫ್ರಾಂಕ್ಲಿನ್ ಕೆಂಪಗಾದ.

ಅಲ್ಲಿಂದ ಮುಂದೆ ರಾಯರು ಬಾತ್‌ಗಳನ್ನು ಖರ್ಚು ಮಾಡಿದ್ದು ಕಡಿಮೆ. ಅಷ್ಟು ಒಳ್ಳೆಯ ರೇಟಿಗೆ ಬಂದ ಹಣವನ್ನು ಎಳನೀರಿಗೆ ಹಾಕಲು ಅವರ ಮನಸ್ಸು ಒಪ್ಪಲಿಲ್ಲ. ಜೊತೆಯವರು ಎಟಿಎಂ ಕಡೆ ತಿರುಗಿದರೆ, ‘ಒಂದೊಂದು ಸಲಕ್ಕೂ ಇನ್ನೂರು ಬಾತ್ ಮೇಲೆ ಕೀಳ್ತಾರೆ’ ಎಂದು ಅಡ್ಡ ನಿಂತರು. ಮಾಲಿನಲ್ಲಿ ಯಾರದೋ ಕಾರ್ಡು ಉಜ್ಜಿದಾಗ ಮೆಷೀನು ‘ರೂಪಾಯಿಯೋ ಬಾತೋ’ ಎಂದು ಕೇಳಿತು. ರಾಯರು ಮೂರು ಅಂಗಡಿ ಆಚೆಯಿಂದ ಕೂಗಿದರು: ‘ರೂಪಾಯಿ ಒತ್ತಬೇಡಿ!’ ರೂಪಾಯಿ ಒತ್ತಿದರೆ ಮೆಷೀನಿನವರು ತಮಗಿಷ್ಟ ಬಂದ ರೇಟು ಹಾಕುತ್ತಾರೆ. ಅಪರಿಚಿತ ಪಂಜಾಬಿ ದಂಪತಿಗೆ ಆ ದಿನ ರಾಯರಿಂದ ನಿಜಕ್ಕೂ ಉಪಕಾರವಾಯಿತು. ಆ ಟೂರಿನ ಏಕೈಕ ನಿವ್ವಳ ಲಾಭ ಅದೇ ಇರಬೇಕು.

ವಾಪಸು ಬರುವಾಗ ಎರಡು ಸಾವಿರ ಬಾತ್ ಉಳಿದಿತ್ತು. ಇಲ್ಲಿ ಮಾರಲು ಹೋದರೆ ಅಂಗಡಿಯವನು ಕೊಳ್ಳುವ ರೇಟು ಹೇಳಿದ. ರಾಯರು ನೋಟುಗಳನ್ನು ಮತ್ತೆ ಫೈಲಿಗೆ ಹಾಕಿಕೊಂಡು ಎದ್ದುಬಂದರು. ಈಗ ನಮಗೆಲ್ಲ ಬೆಳಿಗ್ಗೆ ಡಾಲರಿನ ಜೊತೆ ಬಾತ್ ರೇಟೂ ಬರುತ್ತದೆ.

ಅವರ ಹೆಂಡತಿಗೆ ಮುಕ್ತಿನಾಥಕ್ಕೆ ಹೋಗುವ ಆಸೆ ಬಹಳ ದಿನದ್ದು. ಮೊನ್ನೆ ಕಾಫಿ ಕುಡಿಯುತ್ತಾ ನನ್ನೆದುರಿಗೇ ಕೇಳಿದರು. ರಾಯರ ಮುಖ ಬಾಡಿತು.

‘ನೇಪಾಳದಲ್ಲಿ ಏನಿದೆ? ನಮ್ಮ ನೂರಕ್ಕೆ ಅವರ ನೂರ ಅರವತ್ತು. 1993ರಿಂದ ಒಂದು ಪೈಸೆ ಅಲ್ಲಾಡಿಲ್ಲ.’

‘ಹಾಗಾದ್ರೆ ಭೂತಾನ್?’

‘ಅಲ್ಲಿ ಒಂದಕ್ಕೆ ಒಂದು! ಕೇಳೋ ಹಾಗೇ ಇಲ್ಲ.’

ಆಮೇಲೆ ಧ್ವನಿ ತಗ್ಗಿಸಿ, ವಿಯೆಟ್ನಾಂ ನೋಡುತ್ತಿದ್ದೇನೆ ಎಂದರು. ಒಂದು ರೂಪಾಯಿಗೆ 300 ಡಾಂಗ್ ಹತ್ತಿರ ಬರುತ್ತದೆ, ಲೆಕ್ಕ ಹಾಕಲು ಕೈತುಂಬ ಕೆಲಸ. ‘ಹನೋಯ್‌ನಲ್ಲಿ ಒಂದು ಬೀದಿ ಇದೆಯಂತೆ ಕಣೇ. ಅಲ್ಲಿ ಚಿನ್ನದಂಗಡಿಯವರೇ ಡಾಲರ್ ಬದಲಾಯಿಸಿ ಕೊಡ್ತಾರಂತೆ, ಬ್ಯಾಂಕಿಗಿಂತ ಒಳ್ಳೇ ರೇಟು.’

ಹೆಂಡತಿ ಲೋಟ ಕೆಳಗಿಟ್ಟರು.

‘ಚಿನ್ನದಂಗಡಿಗಳ ಬೀದೀನಾ? ಟಿಕೆಟ್ ಇವತ್ತೇ ಮಾಡಿಸಿಬಿಡ್ರಿ.’