ರವಿಕೆ ಕಣಕ್ಕೆ ಮುಕ್ತಿ

ತಮಿಳುನಾಡಿನ ಈರೋಡು ಜಿಲ್ಲೆಯ ನಮ್ಮ ಪಣಕಹಳ್ಳಿ ಕಡೆ ರವಿಕೆ ಕಣಕ್ಕೆ ಸಾವಿಲ್ಲ. ಗೃಹಪ್ರವೇಶದಲ್ಲಿ ಕೊಟ್ಟದ್ದು ಸೀಮಂತಕ್ಕೆ ಹೋಗಿ, ನಾಮಕರಣ ಮುಗಿಸಿಕೊಂಡು, ಮಡಿಕೆಯೂ ಬಿಚ್ಚದೆ ಕೊಟ್ಟವರ ಮಡಿಲಿಗೇ ಬಂದು ಬೀಳುತ್ತದೆ. ಇಂಥವಕ್ಕೆಲ್ಲ ನಮ್ಮತ್ತಿಗೆ ಹೊಲಿಗೆ ಮಿಷನ್ನಿನ ಮೇಲೆ ಮುಕ್ತಿ ಕೊಡುತ್ತಾರೆ. ನೆಂಟರಿಗೆ ಚೀಲ, ಗೆಳತಿಯರಿಗೆ ಪರ್ಸು, ಟಿ.ವಿ. ರಿಮೋಟಿಗೂ ಒಂದು ಅಂಗಿ!

ಜಿಲ್ಲಾ ಕೇಂದ್ರ ಈರೋಡು ಬಟ್ಟೆ ವ್ಯಾಪಾರಕ್ಕೆ ಹೆಸರುವಾಸಿ. ಭವಾನಿಯ ಜಮಖಾನೆಗೆ ಜಿಐ ಮಾನ್ಯತೆಯೇ ಉಂಟು. ಆದರೂ ಅತ್ತಿಗೆ ಹೊಸ ಬಟ್ಟೆಗೆ ಕಾಸು ಬಿಚ್ಚುವವರಲ್ಲ. ಕಣ ತೆಳುವಾದರೆ ಒಳಗೆ ಲೈನಿಂಗಿಗೆ ಅಣ್ಣನ ಹಳೇ ಪಂಚೆ. ಯಾವುದು ಹಳೇದು ಅಂತ ತೀರ್ಮಾನಿಸುವುದೂ ಅತ್ತಿಗೆಯೇ. ಅಣ್ಣನಿಗೆ ವಿಷಯ ಗೊತ್ತಾಗುವುದು ಸ್ನಾನವಾದ ಮೇಲೆ.

2019ರ ಜನವರಿಯಿಂದ ತಮಿಳುನಾಡಿನಲ್ಲಿ ಪ್ಲಾಸ್ಟಿಕ್ ಚೀಲ ಬಂದ್ ಆಯಿತಲ್ಲ, 2021ರ ಡಿಸೆಂಬರಿನಲ್ಲಿ ಸರ್ಕಾರ ‘ಮೀಂಡುಂ ಮಂಜಪ್ಪೈ’ ಅಂತ ಮದುವೆಮನೆಯ ಹಳದಿ ಬಟ್ಟೆಚೀಲವನ್ನು ಮತ್ತೆ ಮೆರೆಸಿತಲ್ಲ, ಅಲ್ಲಿಂದ ಅತ್ತಿಗೆಯನ್ನು ಹಿಡಿಯುವವರೇ ಇಲ್ಲ.

ಕೆಲಸ ಮಾತ್ರ ಅಚ್ಚುಕಟ್ಟು. ಹಿಡಿಕೆಯ ಬುಡದಲ್ಲಿ ಒಂದು ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಓಡಿಸುತ್ತಾರೆ. ರಾಗಿ ಹಿಟ್ಟು ತುಂಬಿಕೊಂಡು ದಿಂಬಂ ಘಾಟಿಯ 27 ತಿರುವು ಇಳಿದರೂ ಅದು ಕಿತ್ತುಬರುವುದಿಲ್ಲ. ಬಸ್ಸಿನಲ್ಲಿ ಕೂತವರ ಹೊಟ್ಟೆಗೆ ಆ ಗ್ಯಾರಂಟಿ ಇಲ್ಲ.

ಇಷ್ಟು ಚೆನ್ನಾಗಿ ಹೊಲಿಯುವವರು ಬ್ಲೌಸು ಯಾಕೆ ಹೊಲಿಯಬಾರದು ಅಂತ ಪಕ್ಕದ ಮನೆ ಹುಡುಗಿ ಕೇಳಿದಳು.

“ಬ್ಯಾಡ ಕಣವ್ವ. ಚೀಲ ಬಿಗಿಯಾಯ್ತು, ಕಂಕುಳು ಹಿಡೀತದೆ ಅಂತ ಯಾರೂ ಜಗಳಕ್ಕೆ ಬರಾಕಿಲ್ಲ.”