ಸೂರ್ಯ ಹಿಂದೆ ಯಾಕಿದ್ದಾನೆ?

ಬನ್ನಿ ಅಕ್ಕಾ, ಬಟ್ಟೆ ಆಮೇಲೆ ಹರವಿದರಾಯ್ತು. ನಿಮ್ಮ ಮಗ ಲಂಡನ್ನಿನಿಂದ ತಂದ ಚಿತ್ರದ ಕಾರ್ಡು ಎರಡು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಕೊಡುವಾಗ ನೀವು "ಯಾವುದೋ ಹಡಗು, ಹೊತ್ತು ಮುಳುಗ್ತಿದೆ, ಚೆನ್ನಾಗಿದೆ" ಅಂದ್ರಿ. ಚೆನ್ನಾಗೇನೋ ಇದೆ. ಆದರೆ ಆ ಸೂರ್ಯ ಅಲ್ಲಿರಬಾರದು.

ಇದು ಇಂಗ್ಲೆಂಡಿನ ಚಿತ್ರಕಾರ ಟರ್ನರ್ 1839ರಲ್ಲಿ ಬರೆದ ಚಿತ್ರ. ಹಡಗಿನ ಹೆಸರು ಟೆಮರೇರ್, 98 ಫಿರಂಗಿಯ ಯುದ್ಧದ ಹಡಗು. 1805ರ ಟ್ರಫಾಲ್ಗರ್ ಕಾಳಗದಲ್ಲಿ ಇಂಗ್ಲಿಷರ ನೌಕಾಪತಿ ನೆಲ್ಸನ್ನನ ಹಡಗು ಫ್ರೆಂಚರ ಹಡಗಿಗೆ ತಗುಲಿಕೊಂಡು ಒದ್ದಾಡುವಾಗ, ಇನ್ನೊಂದು ಮಗ್ಗುಲಿಂದ ನುಗ್ಗಿ ಕಾಪಾಡಿದ್ದು ಇದೇ. ಅಂಥದ್ದನ್ನ 1838ರಲ್ಲಿ ಮರದ ಬೆಲೆಗೆ ಮಾರಿಬಿಟ್ಟರು. ಒಡೆಯೋದಕ್ಕೆ ಶಿಯರ್ನೆಸ್ಸಿನಿಂದ ಥೇಮ್ಸ್ ನದಿಯ ಮೇಲೆ ಲಂಡನ್ನಿನ ರಾದರ್‌ಹೈದ್‌ವರೆಗೆ ಎಳಕೊಂಡು ಹೋದರು. ಅಂದರೆ ಪಶ್ಚಿಮಕ್ಕೆ. ಮುಳುಗೋ ಸೂರ್ಯ ಎದುರಿಗಿರಬೇಕು ತಾನೇ? ಇಲ್ಲಿ ನೋಡಿ, ಬೆನ್ನ ಹಿಂದೆ!

ಅಷ್ಟೇ ಅಲ್ಲ. ಎಳೆದದ್ದು ಎರಡು ಉಗಿದೋಣಿ, ಇವನು ಬರೆದದ್ದು ಒಂದು. ಆ ಹೊತ್ತಿಗಾಗಲೇ ಹಡಗಿನ ಕೂವೆಕಂಬಗಳನ್ನೆಲ್ಲ ಕಿತ್ತಾಗಿತ್ತು, ಇವನು ಮೂರನ್ನೂ ನಿಲ್ಲಿಸಿದ್ದಾನೆ.

"ಹಾಗಾದರೆ ಸುಳ್ಳು ಬರೆದ ಅನ್ನು" ಅಂತೀರಾ? ನನಗೂ ಮೊದಲು ಹಾಗೇ ಅನ್ನಿಸ್ತು. ಆಮೇಲೆ ಯೋಚಿಸಿದೆ. ಮುತ್ತೈದೆ ಹೋದರೆ ನಾವು ಅರಿಸಿನ ಕುಂಕುಮ ಇಟ್ಟು, ಹೂ ಮುಡಿಸಿ, ಒಳ್ಳೇ ಸೀರೆ ಉಡಿಸಿಯೇ ಕಳಿಸೋದು. ಕಾಯಿಲೆ ಮಲಗಿದ್ದಾಗಿನ ಮುಖ ನೆನಪಲ್ಲಿ ಉಳೀಬಾರದು ಅಂತ. ಟರ್ನರ್ ಮಾಡಿದ್ದೂ ಅದನ್ನೇ ಅನ್ನಿಸುತ್ತೆ. ಹಡಗಿನ ಬಣ್ಣ ನೋಡಿ, ಬಿಳಿ, ಹೊಂಬಣ್ಣ. ನಿಜವಾದ ಮರ ಅನ್ನಿಸೋದೇ ಇಲ್ಲ, ಆಗಲೇ ಈ ಲೋಕ ಬಿಟ್ಟ ಹಾಗಿದೆ. ಹೊತ್ತು ಮುಳುಗೋದು ಅದರ ಬೆನ್ನಿಗೇ ಇರಬೇಕಿತ್ತು, ಅದಕ್ಕೇ ದಿಕ್ಕು ತಪ್ಪಿಸಿದ.

ಮುಂದಿರೋ ಆ ಕರೀ ದೋಣಿ, ಬೆಂಕಿ ಹೊಗೆ ಉಗುಳ್ತಾ ಇದೆಯಲ್ಲ, ಅದನ್ನ ಖಳನಾಯಕ ಅನ್ನೋರು ಬೇಕಾದಷ್ಟು ಜನ. ಹಾಯಿಯ ಕಾಲ ಸತ್ತು ಉಗಿಯ ಕಾಲ ಬಂತು ಅಂತ ಅಳುವ ಚಿತ್ರ ಇದು ಅಂತಾರೆ. ನಾನು ಪೂರ್ತಿ ಒಪ್ಪಲ್ಲ ಅಕ್ಕಾ. ಐದೇ ವರ್ಷಕ್ಕೆ, 1844ರಲ್ಲಿ, ಇದೇ ಟರ್ನರ್ ಮಳೆಯಲ್ಲಿ ಸೇತುವೆ ದಾಟಿ ಬರೋ ರೈಲನ್ನ ಎಷ್ಟು ಆಸೆಯಿಂದ ಬರೆದ ಗೊತ್ತಾ? ಉಗಿ ಕಂಡರೆ ಆಗದವನು ಹಾಗೆ ಬರೆಯಲಾರ. ಈ ದೋಣಿಯನ್ನೂ ದ್ವೇಷದಿಂದ ಬರೆದಿಲ್ಲ. ಪುಟ್ಟದು, ಗಟ್ಟಿಮುಟ್ಟಾದ್ದು, ತನ್ನ ಕೆಲಸ ತಾನು ಮಾಡ್ತಿದೆ. ವಯಸ್ಸಾದ ಅಜ್ಜಿಯನ್ನ ಮೊಮ್ಮಗ ಕೈ ಹಿಡಿದು ನಡೆಸೋ ಹಾಗೆ ನನಗೆ ಕಾಣುತ್ತೆ. ಎಡಗಡೆ ಮೇಲೆ ಎಳೇ ಚಂದ್ರ ಬೇರೆ ಇದೆ, ನೋಡಿದಿರಾ?

ಹಡಗನ್ನ ಅವರು ಮಾರಿದರು, ಚಿತ್ರವನ್ನ ಇವನು ಮಾರಲಿಲ್ಲ. ಕೇಳಿದವರಿಗೆಲ್ಲ ಇಲ್ಲ ಅಂದ. 1851ರಲ್ಲಿ ತೀರಿಕೊಳ್ಳೋವರೆಗೂ ತನ್ನ ಹತ್ತಿರವೇ ಇಟ್ಟುಕೊಂಡ. ಆಮೇಲೆ ಅದು ದೇಶದ ಪಾಲಾಯ್ತು. ಮಗನ ಹತ್ತಿರ 20 ಪೌಂಡಿನ ಹೊಸ ನೋಟು ಉಳಿದಿದ್ದರೆ ಒಂದು ಸಲ ಇಸಕೊಂಡು ಬನ್ನಿ. ಟರ್ನರನ ಮುಖದ ಹಿಂದೆ ಇದೇ ಹಡಗಿದೆ, ತೋರಿಸ್ತೀನಿ.