ಪ್ರೊಪ್ರೈಟರ್ ರಾಯರು

ಸಾಫ್ಟ್‌ವೇರ್ ಕೆಲಸಕ್ಕೆ ದೊಡ್ಡ ನಮಸ್ಕಾರ ಹೊಡೆದು ಸ್ವಂತ ಬಿಸಿನೆಸ್ಸಿಗೆ ಇಳಿದವರನ್ನು ಬೆಂಗಳೂರಿನಲ್ಲಿ ಹುಡುಕಿಕೊಂಡು ಹೋಗಬೇಕಿಲ್ಲ. ಸ್ಯಾಂಪಲ್ ಪ್ಯಾಕೆಟ್ ಹಿಡಿದು ಅವರೇ ಮನೆಗೆ ಬರುತ್ತಾರೆ. ಒಬ್ಬರದು ಗಾಣದ ಎಣ್ಣೆ, ಇನ್ನೊಬ್ಬರದು ಸಿರಿಧಾನ್ಯದ ಬಿಸ್ಕತ್ತು. ನಮ್ಮ ರಾಯರದು ಶೇಂಗಾ ಚಟ್ನಿಪುಡಿ.

ರಾಯರು ಬಾಯಿ ತೆರೆದರೆ ಬಹುವಚನ. 'ಈ ಕ್ವಾರ್ಟರ್‌ನಲ್ಲಿ ನಾವು ಹುಬ್ಬಳ್ಳಿ ಮಾರ್ಕೆಟ್ ನೋಡ್ತಾ ಇದ್ದೀವಿ' ಎನ್ನುತ್ತಾರೆ. ನಾವು ಎಂದರೆ ರಾಯರು, ಒಂದು ಮಿಕ್ಸಿ, ಒಂದು ಸ್ಕೂಟರು. ಕಾನೂನಿನ ಕಣ್ಣಲ್ಲಿ ಪ್ರೊಪ್ರೈಟರ್‌ಶಿಪ್ ಎಂದರೆ ವ್ಯಾಪಾರವೂ ವ್ಯಾಪಾರಿಯೂ ಒಂದೇ, ಪ್ಯಾನ್ ಕಾರ್ಡೂ ಒಂದೇ. ಶುದ್ಧ ಅದ್ವೈತ. ಆದರೆ ರಾಯರು ಹುಟ್ಟಾ ದ್ವೈತಿಗಳು. ಹಾಗಾಗಿ ಸೇಲ್ಸ್‌ಗೆ ಒಂದು ಈಮೇಲ್, ಅಕೌಂಟ್ಸ್‌ಗೆ ಒಂದು, ಸಪೋರ್ಟ್‌ಗೆ ಮತ್ತೊಂದು. ಮೂರೂ ಬಂದು ಬೀಳುವುದು ಅವರ ಒಂದೇ ಫೋನಿಗೆ. 'ಒಂದ್ನಿಮಿಷ, ಅಕೌಂಟ್ಸ್ ಡಿಪಾರ್ಟ್‌ಮೆಂಟಿಗೆ ಕನೆಕ್ಟ್ ಮಾಡ್ತೀನಿ' ಎಂದು ಕೆಮ್ಮಿ, ಗಂಟಲು ದಪ್ಪ ಮಾಡಿಕೊಂಡು ಅವರೇ 'ಹಲೋ' ಎನ್ನುವುದನ್ನು ನಾನೇ ಕೇಳಿದ್ದೇನೆ.

ಚಟ್ನಿಪುಡಿ ಕುಟ್ಟುವುದಕ್ಕೆ ಮುಂಚೆ ಲೋಗೊ ಆಯಿತು, ವಿಸಿಟಿಂಗ್ ಕಾರ್ಡಾಯಿತು, ರಬ್ಬರ್ ಸೀಲೂ ಆಯಿತು. ಉದ್ಯಮ್ ನೋಂದಣಿ ಪುಕ್ಕಟೆ ಎಂದು ತಿಳಿದಾಗ ಅವರಿಗೆ ಸ್ವಲ್ಪ ಬೇಸರವೇ ಆಯಿತು. ಖರ್ಚಿಲ್ಲದೆ ಆಗುವ ಕೆಲಸಕ್ಕೆ ಗಾಂಭೀರ್ಯ ಎಲ್ಲಿಂದ ಬರಬೇಕು? ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟು ದಾಟಿದರೆ ಜಿಎಸ್‌ಟಿ ಎಂದು ಓದಿದ ದಿನ ರಾತ್ರಿಯೆಲ್ಲ ಹೊರಳಾಡಿದರು. 'ದಾಟಿಬಿಟ್ರೆ?' ಅಲ್ಲಿಯವರೆಗೆ ಮಾರಾಟವಾಗಿದ್ದದ್ದು ಅತ್ತೆಗೆ ಎರಡು ಪ್ಯಾಕೆಟ್, ಅದೂ ಸಾಲಕ್ಕೆ.

ಪೌಚಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಣ್ಣದ ಪೌಚಿಗೆ ಪ್ರಿಂಟಿಂಗಿನವರು ಸಿಲಿಂಡರ್ ಕೆತ್ತಿಸಬೇಕು, ಆ ಖರ್ಚು ಗಿಟ್ಟಬೇಕಾದರೆ ಸಾವಿರಗಟ್ಟಲೆ ಮಾಡಿಸಬೇಕು. ರಾಯರು ಮಾಡಿಸಿದರು. ಮಂಚದ ಕೆಳಗೆ ಪೌಚು, ದೇವರ ಮನೆಯ ಮೂಲೆಯಲ್ಲಿ ಪೌಚು. ಎಲ್ಲದರ ಮೇಲೂ ಎಂಆರ್‌ಪಿ ಅಚ್ಚಾಗಿತ್ತು. ಆಮೇಲೆ ಲೆಕ್ಕಕ್ಕೆ ಕೂತರೆ, ಹತ್ತು ಕೆಜಿ ಶೇಂಗಾ ಹುರಿದು ಸಿಪ್ಪೆ ಹಾರಿಸಿದ ಮೇಲೆ ಹತ್ತು ಕೆಜಿ ಉಳಿಯುವುದಿಲ್ಲ ಎಂಬುದು ಬೆಳಕಿಗೆ ಬಂತು. ಬ್ಯಾಡಗಿ ಮೆಣಸಿನಕಾಯಿ ದರ ಬೇರೆ ಏರಿತ್ತು. ಸ್ಕೂಟರಿನ ಪೆಟ್ರೋಲು, ತಮ್ಮ ಸಂಬಳ ಎರಡನ್ನೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಪ್ರತಿ ಪ್ಯಾಕೆಟ್ಟಿಗೂ ರಾಯರು ಗಿರಾಕಿಗೆ ಕೈಯಿಂದ ದುಡ್ಡು ಕೊಟ್ಟು ಊಟ ಹಾಕುತ್ತಿದ್ದರು. ಹೊಸ ಬೆಲೆಯ ಸ್ಟಿಕ್ಕರ್ ಅಂಟಿಸೋಣವೆಂದರೆ ಪೊಟ್ಟಣದ ನಿಯಮ ಅಡ್ಡ ಬಂತು: ಎಂಆರ್‌ಪಿ ಇಳಿಸುವುದಕ್ಕೆ ಸ್ಟಿಕ್ಕರ್ ಅಂಟಿಸಬಹುದು, ಏರಿಸುವುದಕ್ಕಿಲ್ಲ. ಸರ್ಕಾರಕ್ಕೆ ಗಿರಾಕಿಗಳ ಮೇಲಿರುವ ಈ ಮಮತೆಯನ್ನು ರಾಯರು ಗಿರಾಕಿಯಾಗಿದ್ದಷ್ಟು ಕಾಲ ಗಮನಿಸಿಯೇ ಇರಲಿಲ್ಲ.

ದೂರು ಹೇಳಲು ಪೊಟ್ಟಣದ ಮೇಲೆ ಒಂದು ನಂಬರೂ ಇರಬೇಕು. ರಾತ್ರಿ ಹನ್ನೊಂದಕ್ಕೆ ಫೋನು. 'ಕಸ್ಟಮರ್ ಕೇರಾ? ಉಪ್ಪು ಮುಂದಾಗಿದೆ.'

'ತಮ್ಮ ಫೀಡ್‌ಬ್ಯಾಕನ್ನು ಪ್ರೊಡಕ್ಷನ್ ಟೀಮಿಗೆ ತಲುಪಿಸ್ತೀವಿ ಮೇಡಂ.'

ಪ್ರೊಡಕ್ಷನ್ ಟೀಮು ಫೋನಿಟ್ಟು ಮುಸುಕು ಹೊದ್ದುಕೊಂಡಿತು.

ಬಂಧುಗಳ ವಿಚಾರ ಬೇಡ. 'ನಮ್ಮ ಹತ್ರಾನೂ ದುಡ್ಡು ತಗೋತೀಯೇನೋ?' ಎಂದು ಕೇಳಿದ ಚಿಕ್ಕಪ್ಪನವರು ನಾಲ್ಕು ಪ್ಯಾಕೆಟ್ ಒಯ್ದರು, ಐದನೆಯದನ್ನು 'ಸ್ಯಾಂಪಲ್' ಎಂದರು.

ರಾಯರ ನಿಜವಾದ ಪಾಠಶಾಲೆ ಶೆಟ್ಟರ ಅಂಗಡಿ. ಶೆಟ್ಟರು ಮಾಲು ಇಳಿಸಿಕೊಳ್ಳುವುದರಲ್ಲಿ ಉದಾರಿಗಳು, ದುಡ್ಡಿನ ವಿಷಯದಲ್ಲಿ ಮಾತ್ರ ಪಂಚಾಂಗ ನೋಡುವವರು. ಇಪ್ಪತ್ತು ಜನರ ಟೀಮಿಗೆ ಅಪ್ರೈಸಲ್ ಮಾಡಿ, ಅಳಿಸಿ ಕಳಿಸಿದ್ದ ರಾಯರಿಗೆ 'ನನ್ನ ದುಡ್ಡು ಕೊಡಿ' ಎಂಬ ಮೂರು ಪದ ಬಾಯಿಂದ ಹೊರಡವು. ಹೋಗುವುದು, ಮಳೆ ಬೆಳೆ ಮಾತಾಡುವುದು, ಒಂದು ಕೆಜಿ ಬೆಲ್ಲ ನಗದು ಕೊಟ್ಟು ಕೊಂಡು ಬರುವುದು. ಕೊನೆಗೊಂದು ದಿನ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಿಂಟೌಟ್ ಹಿಡಿದೇ ಹೋದರು.

'ಶೆಟ್ರೇ, ಸಣ್ಣ ಉದ್ಯಮದ ಬಾಕಿ 45 ದಿನ ದಾಟೋ ಹಾಗಿಲ್ಲ. ದಾಟಿದ್ರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ.'

ಶೆಟ್ಟರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. 'ಒಳ್ಳೇ ಕಾನೂನು ಮಾಡವ್ರೆ ಸ್ವಾಮಿ. ಆಷಾಢ ಒಂದು ಕಳೀಲಿ' ಎಂದು, ಆ ಹಾಳೆಯಲ್ಲೇ ಕಾಲು ಕೆಜಿ ಸಾಸಿವೆ ಕಟ್ಟಿ ಗಿರಾಕಿಗೆ ಕೊಟ್ಟರು.

ಶ್ರಾವಣ ಬಂತು. ಸ್ವಂತ ದನಿಯಲ್ಲಿ ಆಗದ ಕೆಲಸವನ್ನು ರಾಯರು ಅಕೌಂಟ್ಸ್ ಡಿಪಾರ್ಟ್‌ಮೆಂಟಿಗೆ ವಹಿಸಿದರು. ಗಂಟಲು ದಪ್ಪವಾಯಿತು. 'ಹಲೋ, ನಾವು ಅಕೌಂಟ್ಸಿಂದ. ನಿಮ್ಮದು 3,240 ರೂಪಾಯಿ ಬಾಕಿ. ರಾಯರು ಬಹಳ ಸಿಟ್ಟಾಗಿದಾರೆ.'

'ಅಯ್ಯೋ, ಈಗ್ಲೇ ಹಾಕ್ತೀನಿ' ಎಂದರು ಶೆಟ್ಟರು. ಕಡೆಯ ರೂಪಾಯಿವರೆಗೆ ಅಲ್ಲೇ ಜಮಾ ಆಯಿತು. ಫೋನಿಡುವ ಮೊದಲು ಅವರೇ ಮತ್ತೆ ಕೇಳಿದರು: 'ಅಂದ ಹಾಗೆ ರಾಯ್ರೇ, ನೆಗಡಿನಾ? ಶುಂಠಿ ಕಷಾಯ ಕುಡೀರಿ. ಹಾಗೇ ಎರಡು ಡಜನ್ ಕಳಿಸಿಬಿಡಿ, ಸಾಲಕ್ಕೆ. ಆ ಅಕೌಂಟ್ಸ್‌ನೋನಿಗೆ ಮಾತ್ರ ಹೇಳ್ಬೇಡಿ.'